ಬಸಿರಿನಲ್ಲಿ ಎದೆಬಡಿತ ತಪ್ಪಿದರೆ

(ಸಾಗರದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ವಿದ್ಯುತ್ ಎಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತಿನ ವಿಷಯ ಏನೆಂದು ಹೇಳಿದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಸಾರ್, ನೀವು ಕೆಇಬಿಯವರು. ಕರೆಂಟಿನ ಬಗ್ಗೆ ಮಾತಾಡ್ತೀರಿ ಅಂದುಕೊಂಡಿದ್ವಿ" ಎಂದರು. ನಾನು ಕರೆಂಟಿನ ಬಗ್ಗೆಯೇ ಮಾತಾಡುವುದು ಎಂದೆ. ನಮ್ಮೆಲ್ಲರ ಎದೆಯೊಳಗೆ ಒಂದು ಸಣ್ಣ ವಿದ್ಯುತ್ ವ್ಯವಸ್ಥೆ ಇದೆ. ಹೆಣ್ಣುಮಗಳು ಬಸುರಿಯಾದಾಗ ಅದರ ಮೇಲೆ ಬೀಳುವ ಹೊರೆ ಎಂಥದು, ಆಗ ತಾಳ ತಪ್ಪಿದರೆ ಏನು ಚಿಕಿತ್ಸೆ ಇದೆ, ಆ ಚಿಕಿತ್ಸೆ ಸಿಗದಂತೆ ನಾವು ಮನೆಯವರೇ ಹೇಗೆ ಅಡ್ಡ ನಿಲ್ಲುತ್ತೇವೆ ಎಂಬುದಿಷ್ಟೇ ನನ್ನ ಮಾತು.

ನಾನು ವೈದ್ಯನಲ್ಲ. ಕೆಇಬಿಯಲ್ಲಿ ಸೇರಿ ಮೆಸ್ಕಾಂನಲ್ಲಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಈ ಒಂದು ವಿಷಯವನ್ನು ಪುಸ್ತಕ ಓದಿ, ಹೃದ್ರೋಗ ತಜ್ಞರನ್ನು, ಹೆರಿಗೆ ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡೆ. ಯಾಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಹೇಳಲು ಆಗುತ್ತದೋ ಇಲ್ಲವೋ.

ನನಗೆ ಒಬ್ಬ ತಂಗಿ ಇದ್ದಳು. ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂತು, ಅದಾಗಿ ಎರಡು ಮೂರು ವಾರಕ್ಕೆ ಜ್ವರ ಬಂತು. ಮೊದಲು ಮೊಣಕಾಲು ಊದಿತು, ಅದು ಇಳಿಯುವಷ್ಟರಲ್ಲಿ ಮುಂಗೈ ಊದಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಹೃದಯದಲ್ಲಿ ಶಬ್ದ ಇದೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪಿಸಬೇಡಿ" ಎಂದರು. ಎರಡು ವರ್ಷ ಕೊಡಿಸಿದೆವು. ಸೂಜಿ ಬಹಳ ನೋವು, ಮಳೆಗಾಲದಲ್ಲಿ ಬಸ್ಸಿಲ್ಲ, ಹುಡುಗಿ ಚೆನ್ನಾಗಿ ಓಡಾಡಿಕೊಂಡಿದ್ದಾಳೆ. ನಿಲ್ಲಿಸಿದೆವು. ಇಪ್ಪತ್ತು ತುಂಬಿದಾಗ ಹೊಸನಗರ ತಾಲ್ಲೂಕಿನ ಒಂದು ಒಳ್ಳೆಯ ಮನೆತನದಿಂದ ಸಂಬಂಧ ಬಂತು. ಹೃದಯದ ಮಾತನ್ನು ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ ಎಂದು ನಮ್ಮ ತಂದೆಯವರು ನನ್ನನ್ನು ಕೇಳಿದರು. ಓದಿದವನು ನಾನೇ ತಾನೆ! ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದೆ. "ಈಗ ಏನೂ ಇಲ್ಲವಲ್ಲ, ಯಾಕೆ ಹೇಳೋದು" ಎಂದೆ.

ಬಸುರಿಯಾಗಿ ಆರು ತಿಂಗಳಾದಾಗ ನೋಡಲು ಹೋಗಿದ್ದೆ. ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದಳು: "ಅಣ್ಣಾ, ರಾತ್ರಿ ಮಲಗಿದ್ರೆ ಉಸಿರು ಸಿಕ್ಕಲ್ಲ, ಎದ್ದು ಕೂರ್ತೀನಿ. ಎದೆ ಒಂದೊಂದು ಸಲ ಅಕ್ಕಿ ಮಿಲ್ಲಿನ ಬೆಲ್ಟ್ ಜಾರಿದ ಹಾಗೆ ಬಡಕೊಳ್ಳತ್ತೆ." ಇಲ್ಲಿ ಏನೂ ಹೇಳಬೇಡ, ಹೆರಿಗೆ ಆಗಲಿ, ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಸಮಾಧಾನ ಮಾಡಿ ಬಂದೆ. 1984ರ ಆಗಸ್ಟಿನಲ್ಲಿ ಮನೆಯಲ್ಲೇ ಹೆರಿಗೆಯಾಯಿತು. ಗಂಡು ಮಗು, ಸುಖಪ್ರಸವ ಎಂದು ನಮಗೆ ಸುದ್ದಿ ಬಂತು. ಎರಡನೇ ರಾತ್ರಿ ಅವಳಿಗೆ ಉಸಿರು ಕಟ್ಟಿತು. ಕುರ್ಚಿಯಲ್ಲಿ ಕೂರಿಸಿಕೊಂಡು ಗದ್ದೆ ಬದುವಿನ ಮೇಲೆ ರಸ್ತೆಗೆ ತಂದರು. ಜೀಪು ಹತ್ತಿಸುವಷ್ಟರಲ್ಲಿ ಮುಗಿದಿತ್ತು.

ಎಷ್ಟೋ ವರ್ಷದ ಮೇಲೆ ಅವಳ ಅತ್ತೆಗೆ ನಾನೇ ನಿಜ ಹೇಳಿದೆ. ಆ ಹಿರಿಯರು ಬೈಯಲಿಲ್ಲ. "ಒಂದು ಮಾತು ಹೇಳಿದ್ರೆ ಅವಳನ್ನು ನಾವು ಬೇರೆ ಥರ ನೋಡ್ಕೊತಿದ್ವಿ ಕಣಪ್ಪಾ" ಎಂದರು. ನಾವು ಯಾರಿಗೆ ಹೆದರಿ ಮುಚ್ಚಿಟ್ಟೆವೋ ಅವರ ಮಾತು ಅದು.

ಇರಲಿ. ಈಗ ವಿಷಯಕ್ಕೆ ಬರುತ್ತೇನೆ.

ಹೃದಯದ ಮೇಲ್ಭಾಗದಲ್ಲಿ, ಬಲ ಹೃತ್ಕರ್ಣದಲ್ಲಿ, ಒಂದು ಸಣ್ಣ ಜಾಗ ಇದೆ. ಅದೇ ನಮ್ಮ ಜನರೇಟರ್. ಅಲ್ಲಿಂದ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಅಲೆ ಹೊರಡುತ್ತದೆ. ಮೇಲಿನ ಎರಡು ಕೋಣೆಗಳನ್ನು ದಾಟಿ ನಡುವಿನ ಒಂದು ಗಂಟಿಗೆ ಬರುತ್ತದೆ. ಆ ಗಂಟು ಅಲೆಯನ್ನು ಒಂದು ಚೂರು ತಡೆದು ಕೆಳಗೆ ಬಿಡುತ್ತದೆ. ಮೇಲಿನ ಕೋಣೆಯ ರಕ್ತ ಕೆಳಗಿಳಿಯಲು ಸಮಯ ಬೇಕಲ್ಲ, ಅದಕ್ಕೆ ಆ ತಡೆ. ಇಂಥದ್ದೊಂದು ರಿಲೇಯನ್ನು ಇಷ್ಟು ಸಣ್ಣ ಜಾಗದಲ್ಲಿ, ಎಂಬತ್ತು ವರ್ಷ ರಿಪೇರಿ ಇಲ್ಲದೆ ನಡೆಯುವಂತೆ ಮಾಡಿ ಕೊಡಿ ಎಂದು ನಮ್ಮ ಯಾವ ಕಂಪನಿಗೂ ಟೆಂಡರ್ ಕರೆಯಲು ಆಗುವುದಿಲ್ಲ.

ಹೆಣ್ಣುಮಗಳು ಬಸುರಿಯಾದಾಗ ಮೈಯಲ್ಲಿನ ರಕ್ತದ ಪ್ರಮಾಣ ನೂರಕ್ಕೆ ನಲವತ್ತು ಐವತ್ತರಷ್ಟು ಹೆಚ್ಚುತ್ತದೆ. ಹೃದಯ ನಿಮಿಷಕ್ಕೆ ತಳ್ಳುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಡಿತ ಹತ್ತಿಪ್ಪತ್ತು ಹೆಚ್ಚಾಗುತ್ತದೆ. ಏಳು ಎಂಟನೇ ತಿಂಗಳಿಗೆ ಈ ಹೊರೆ ತುದಿ ಮುಟ್ಟುತ್ತದೆ. ನಾವು ಸೀಮಂತ ಮಾಡುವುದು ಆಗಲೇ. ನಮ್ಮ ಮನೆಗಳಲ್ಲಿ ಎಂಟನೇ ತಿಂಗಳಲ್ಲಿ ಗರ್ಭದ ಕೂಸಿಗೆ ಲಿಂಗಧಾರಣೆ ಮಾಡಿಸುವುದೂ ಆಗಲೇ. ಹಸೆಯ ಮೇಲೆ ಕೂತ ಹುಡುಗಿ ಗಂಟೆಗಟ್ಟಲೆ ಏಳುವ ಹಾಗಿಲ್ಲ, ಬಂದವರಿಗೆಲ್ಲ ನಮಸ್ಕಾರ ಮಾಡಬೇಕು. ಅವಳ ಮುಖ ಬಾಡಿದ್ದನ್ನು ನೋಡಿ "ನಾಚಿಕೆ" ಎನ್ನುತ್ತೇವೆ.

ಹೆದರಿಸಲು ಹೇಳುತ್ತಿಲ್ಲ. ಬಸುರಿಯರಿಗೆ ಎದೆ ಢವಢವ ಎನ್ನುವುದು ಬಹಳ ಸಾಮಾನ್ಯ, ಬಹುಪಾಲು ಅದರಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಡುವೆ ಒಂದು ಬಡಿತ ಮೊದಲೇ ಬಂದು, ಆಮೇಲೊಂದು ತಡೆದು ಬಂದಂತೆ ಅನಿಸುತ್ತದೆ. ಹೃದಯ ಆರೋಗ್ಯವಾಗಿದ್ದರೆ ಅದಕ್ಕೆ ಮಾತ್ರೆ ಬೇಕಾಗುವುದೇ ಅಪರೂಪ. ಕೆಲವೊಮ್ಮೆ ಕಾರಣ ರಕ್ತಹೀನತೆ. ನಮ್ಮ ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತ ಕಡಿಮೆ ಇದೆ. ಕೆಲವೊಮ್ಮೆ ಥೈರಾಯಿಡ್. ಇವಕ್ಕೆ ಸುಲಭ ಪರೀಕ್ಷೆ ಇದೆ, ಸುಲಭ ಮದ್ದು ಇದೆ.

ಆದರೆ ಮೂರು ಸಂದರ್ಭ ಬೇರೆ. ಒಂದು, ಕೂತಲ್ಲೇ ಇದ್ದಾಗ ಇದ್ದಕ್ಕಿದ್ದಂತೆ ಸ್ವಿಚ್ ಹಾಕಿದ ಹಾಗೆ ಎದೆ ಓಡತೊಡಗಿ, ಎಣಿಸಿದರೆ 150, 180, 200 ಬರುವುದು. ಎರಡು, ಬಡಿತಕ್ಕೆ ತಾಳವೇ ಇಲ್ಲದಿರುವುದು. ಮೂರು, ಬಡಿತದ ಜತೆ ತಲೆಸುತ್ತಿ ಬೀಳುವುದು, ಎದೆನೋವು, ಇಲ್ಲವೇ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವುದು. ಇವಕ್ಕೆ ದೃಷ್ಟಿ ತೆಗೆಯುವುದು, ಗಾಳಿ ಸೋಕಿದೆ ಎಂದು ತಾಯಿತ ಕಟ್ಟುವುದು ಯಾವುದೂ ಮದ್ದಲ್ಲ. ನಮ್ಮವರಲ್ಲೇ ಈ ಅಭ್ಯಾಸ ಇದೆ, ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೊರಳಲ್ಲಿ ಇಷ್ಟಲಿಂಗ, ತೋಳಲ್ಲಿ ತಾಯಿತ ಎರಡೂ ಇರುವವರನ್ನು ನಾನೇ ಕಂಡಿದ್ದೇನೆ.

ಮೊದಲನೆಯ ಸಂದರ್ಭವನ್ನು ಸ್ವಲ್ಪ ಬಿಡಿಸುತ್ತೇನೆ. ಕೆಲವರಿಗೆ ಹುಟ್ಟಿನಿಂದಲೇ ಆ ನಡುವಿನ ಗಂಟಿನ ಬಳಿ ಒಂದರ ಬದಲು ಎರಡು ದಾರಿ ಇರುತ್ತವೆ. ಅಲೆ ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ವಾಪಸು ಹತ್ತಿ, ಮತ್ತೆ ಇಳಿದು, ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೊಂದು ಬಡಿತ. ಮೊದಲು ಎಂದೂ ಕಾಣಿಸದವರಿಗೂ ಬಸಿರಿನಲ್ಲಿ ಇದು ಕಾಣಿಸಿಕೊಳ್ಳಬಹುದು. ಇದಕ್ಕೆ ಮೊದಲ ಚಿಕಿತ್ಸೆಗೆ ಔಷಧವೇ ಬೇಡ. ಆಸ್ಪತ್ರೆಯಲ್ಲಿ ಒಂದು ಖಾಲಿ ಸಿರಿಂಜಿನ ತುದಿಯನ್ನು ಬಾಯಿಗೆ ಕೊಟ್ಟು ಹದಿನೈದು ಸೆಕೆಂಡು ಜೋರಾಗಿ ಊದಿಸುತ್ತಾರೆ, ಕೂಡಲೇ ಮಲಗಿಸಿ ಕಾಲು ಮೇಲೆತ್ತುತ್ತಾರೆ. ಆಗ ಹೃದಯದ ವೇಗ ತಗ್ಗಿಸುವ ನರ ಚುರುಕಾಗಿ ಸುತ್ತು ಕಡಿಯುತ್ತದೆ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಸುಮ್ಮನೆ ಊದಿಸಿದಾಗ ನೂರಕ್ಕೆ 17 ಮಂದಿಗೆ ಸರಿಹೋದದ್ದು, ಮಲಗಿಸಿ ಕಾಲೆತ್ತಿದಾಗ 43 ಮಂದಿಗೆ ಸರಿಹೋಯಿತು. ಖರ್ಚು ಒಂದು ಸಿರಿಂಜು. ಎಂಜಿನಿಯರ್ ಆದ ನನಗೆ ಇಂಥ ಚಿಕಿತ್ಸೆ ಕಂಡರೆ ಬಹಳ ಗೌರವ. ಆದರೆ ಮೊದಲ ಸಲ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಬಡಿತ ಯಾವ ಬಗೆಯದು ಎಂದು ಇಸಿಜಿ ನೋಡದೆ ತಿಳಿಯುವುದಿಲ್ಲ.

ಅದರಿಂದ ನಿಲ್ಲದಿದ್ದರೆ ಅಡಿನೋಸಿನ್ ಎಂಬ ಇಂಜೆಕ್ಷನ್ ಇದೆ. ನರಕ್ಕೆ ವೇಗವಾಗಿ ಕೊಡುತ್ತಾರೆ, ಮೊದಲು 6 ಮಿಲಿಗ್ರಾಂ, ಸಾಲದಿದ್ದರೆ 12. ಅದು ಆ ಗಂಟನ್ನು ಕೆಲವು ಸೆಕೆಂಡು ಮುಚ್ಚುತ್ತದೆ. ಮುಚ್ಚಿದಾಗ ಸುತ್ತುವ ಅಲೆ ಸಾಯುತ್ತದೆ, ತೆರೆದಾಗ ಜನರೇಟರಿನ ಸರಿಯಾದ ಅಲೆ ಬರುತ್ತದೆ. ಮೋಟಾರು ಹಟ ಹಿಡಿದಾಗ ನಾವು ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತೇವಲ್ಲ, ಅದೇ. ಆ ಔಷಧದ ಅರ್ಧಾಯುಷ್ಯ ಹತ್ತು ಸೆಕೆಂಡಿಗಿಂತ ಕಡಿಮೆ, ಕೂಸಿನ ತನಕ ಮುಟ್ಟುವಷ್ಟರಲ್ಲಿ ಕರಗಿಹೋಗಿರುತ್ತದೆ. ಕೊಡುವಾಗ ತಾಯಿಗೆ ಮಾತ್ರ ಎದೆ ಹಿಡಿದಂತಾಗಿ ಜೀವ ಹೋಯಿತೋ ಎನಿಸುತ್ತದೆ. ಇದನ್ನು ಮೊದಲೇ ಅವಳಿಗೆ ಹೇಳಿ ಕೈ ಹಿಡಿದುಕೊಂಡಿರಬೇಕು.

ಇನ್ನೊಂದು ಇದೆ, ಎದೆಗೆ ಕರೆಂಟ್ ಕೊಡುವುದು. ಈ ಮಾತು ಕೇಳಿದರೆ ಮನೆಯವರು ಸಹಿ ಹಾಕಲು ಹಿಂದೆ ಸರಿಯುತ್ತಾರೆ. ಹೊಟ್ಟೆಯಲ್ಲಿ ಕೂಸಿದೆ, ಶಾಕ್ ಹೊಡೆದರೆ? ನಾನು ಲೈನ್ ಮೇಲೆ ಶಾಕ್ ಹೊಡೆದು ಬಿದ್ದವರನ್ನು ಕಂಡವನು, ನನಗೂ ಅದೇ ಪ್ರಶ್ನೆ ಬಂದಿತ್ತು. ಉತ್ತರ ಹೀಗಿದೆ: ಕರೆಂಟು ಹರಿಯುವುದು ಎದೆಯ ಮೇಲಿಟ್ಟ ಎರಡು ಪಟ್ಟಿಗಳ ನಡುವೆ. ಗರ್ಭಕೋಶ ಆ ದಾರಿಯಲ್ಲಿಲ್ಲ, ಅಲ್ಲಿ ಮುಟ್ಟುವುದು ಬಹಳ ಅಲ್ಪ. ತಾಯಿಯ ರಕ್ತದೊತ್ತಡ ಕುಸಿಯುತ್ತಿದ್ದರೆ ಯಾವ ತಿಂಗಳಲ್ಲೇ ಆದರೂ ಇದನ್ನು ಕೊಡಬಹುದು, ಕೊಡಬೇಕು. ಮೊದಲು ನಿದ್ರೆ ಬರಿಸುತ್ತಾರೆ. ಹೃದಯ ಬಡಿಯುವ ಸರಿಯಾದ ಕ್ಷಣಕ್ಕೆ ಯಂತ್ರವೇ ಹೊಂದಿಸಿಕೊಂಡು ಬಿಡುತ್ತದೆ. ಶರಾವತಿಯ ಪವರ್‌ಹೌಸಿನಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ, ಜನರೇಟರನ್ನು ಗ್ರಿಡ್ಡಿಗೆ ಸೇರಿಸುವ ಮೊದಲು ತಾಳಕ್ಕೆ ತಾಳ ಕೂಡಿಸುವುದಿಲ್ಲವೇ, ಹಾಗೆ. ಕೊಟ್ಟಾದ ಮೇಲೆ ಕೂಸಿನ ಹೃದಯವನ್ನೂ ನೋಡುತ್ತಾರೆ. ತಾಯಿಯ ರಕ್ತ ಸರಿಯಾಗಿ ಹರಿಯದಿದ್ದರೆ ಕೂಸಿಗೆ ಇರುವ ಅಪಾಯ ಈ ಶಾಕಿಗಿಂತ ಬಹಳ ದೊಡ್ಡದು.

ಮಾತ್ರೆಗಳ ವಿಷಯ. ಮತ್ತೆ ಮತ್ತೆ ಬಡಿತ ಓಡುವವರಿಗೆ ಸಾಮಾನ್ಯವಾಗಿ ಮೆಟೊಪ್ರೊಲಾಲ್‌ನಂಥ ಮಾತ್ರೆ ಕೊಡುತ್ತಾರೆ. ಕೂಸಿನ ಬೆಳವಣಿಗೆ ನೋಡಿಕೊಳ್ಳುತ್ತಾ ಮುಂದುವರಿಸುತ್ತಾರೆ, ಮೊಲೆಯುಣಿಸುವಾಗಲೂ ಇದನ್ನು ಬಳಸುತ್ತಾರೆ. ಅದೇ ಗುಂಪಿನ ಅಟೆನೊಲಾಲ್‌ನಿಂದ ಕೂಸಿನ ತೂಕ ಕಡಿಮೆಯಾಗಬಹುದು ಎಂದು ಬಸಿರಿನಲ್ಲಿ ದೂರವಿಡುತ್ತಾರೆ. ಅಮಿಯೋಡರೋನ್ ಎಂಬ ಮಾತ್ರೆಯಲ್ಲಿ ಅಯೋಡಿನ್ ತುಂಬ ಇರುವುದರಿಂದ ಕೂಸಿನ ಥೈರಾಯಿಡ್ ಕೆಡಬಹುದು, ಬೇರೆ ದಾರಿ ಇಲ್ಲದಾಗ ಮಾತ್ರ ಕೊಡುತ್ತಾರೆ. ನಾನು ಈ ಹೆಸರುಗಳನ್ನು ಹೇಳಿದ್ದು ನೀವು ಅಂಗಡಿಗೆ ಹೋಗಿ ತರಲಿ ಎಂದಲ್ಲ. ಪಕ್ಕದ ಮನೆಯವರ ಬಿಪಿ ಮಾತ್ರೆ, ನಮ್ಮ ಮಾತ್ರೆ ಎರಡೂ ಒಂದೇ ಜಾತಿ ಎಂದು ಅದಲುಬದಲು ಮಾಡುವವರು ಇದ್ದಾರೆ, ಅದಕ್ಕೆ ಹೇಳಿದೆ.

ಇದಕ್ಕಿಂತ ದೊಡ್ಡ ಅಪಾಯ ಮಾತ್ರೆಯನ್ನು ತಾವೇ ನಿಲ್ಲಿಸುವುದು. "ಬಸುರಿ ಇಷ್ಟೊಂದು ಗುಳಿಗೆ ನುಂಗಿದರೆ ಕೂಸು ಏನಾದೀತು" ಎಂದು ಅತ್ತೆಯೂ ಹೇಳುತ್ತಾರೆ, ತಾಯಿಯೂ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಲೋಹದ ಕವಾಟ ಹಾಕಿಸಿಕೊಂಡ ಹುಡುಗಿ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಬರುತ್ತದೆ. ವಾರ್ಫರಿನ್ ಎಂಬ ಆ ಮಾತ್ರೆ ಆರರಿಂದ ಹನ್ನೆರಡನೇ ವಾರದ ನಡುವೆ ಕೂಸಿನ ಅಂಗ ರೂಪುಗೊಳ್ಳುವಾಗ ತೊಂದರೆ ಮಾಡಬಹುದು ಎಂಬುದೂ ನಿಜ. ಹಾಗಾಗಿ ಆ ಸಮಯದಲ್ಲಿ ಡಾಕ್ಟರು ಪ್ರಮಾಣ ನೋಡಿಕೊಂಡು ಬೇಕಾದರೆ ಹೆಪಾರಿನ್ ಸೂಜಿಗೆ ಬದಲಾಯಿಸುತ್ತಾರೆ, ಹೆರಿಗೆ ಹತ್ತಿರ ಬಂದಾಗ ಮತ್ತೆ ಬದಲಾಯಿಸುತ್ತಾರೆ. ಇಷ್ಟು ನಾಜೂಕಿನ ಲೆಕ್ಕವನ್ನು ಮನೆಯ ಜಗುಲಿಯ ಮೇಲೆ ಕೂತು ಮಾಡಲು ಬರುವುದಿಲ್ಲ. ಮುಟ್ಟು ನಿಂತ ವಾರದಲ್ಲೇ ಹೃದಯದ ಡಾಕ್ಟರನ್ನು ಕಾಣಬೇಕು. ಮಗು ಬೇಕು ಎಂದುಕೊಂಡಾಗಲೇ ಕಂಡರೆ ಇನ್ನೂ ಒಳ್ಳೆಯದು.

ಇನ್ನು ನನ್ನ ತಂಗಿಯ ಕಾಯಿಲೆ. ಗಂಟಲು ಸೋಂಕಿನ ನಂತರ ಬರುವ ಆ ಕೀಲುಜ್ವರ ಕೀಲುಗಳನ್ನು ಬಿಟ್ಟು ಹೋಗುತ್ತದೆ, ಹೃದಯದ ಕವಾಟವನ್ನು ಬಿಡುವುದಿಲ್ಲ. ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ಕವಾಟ ವರ್ಷ ಕಳೆದಂತೆ ಗಟ್ಟಿಯಾಗಿ ಕಿರಿದಾಗುತ್ತದೆ. ಕಿರಿದಾದ ಗೇಟಿನಲ್ಲಿ ನೀರು ಇಳಿಯಲು ಸಮಯ ಬೇಕು. ಬಡಿತ ಓಡತೊಡಗಿದರೆ ಆ ಸಮಯವೇ ಸಿಗುವುದಿಲ್ಲ. ಮೇಲಿನ ಕೋಣೆ ಹಿಗ್ಗಿ ಹಿಗ್ಗಿ ಕೊನೆಗೆ ತಾಳ ತಪ್ಪಿ ನಡುಗತೊಡಗುತ್ತದೆ. ತಡೆದು ನಿಂತ ರಕ್ತದ ಒತ್ತಡ ಹಿಂದಕ್ಕೆ ಏರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಹಿನ್ನೀರು ಹೇಗೆ ಊರೂರನ್ನೇ ನುಂಗಿತೆಂದು ಕಂಡ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅವಳು ರಾತ್ರಿ ಎದ್ದು ಕೂರುತ್ತಿದ್ದುದು ಆ ಹಿನ್ನೀರಿಗೆ. ಹೆರಿಗೆ ಆದ ಕೂಡಲೇ ಗರ್ಭಕೋಶ ಮುದುಡಿ ಅಲ್ಲಿದ್ದ ರಕ್ತವೆಲ್ಲ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ಹೀಗಾಗಿ ಹೆರಿಗೆಯ ನಂತರದ ಒಂದೆರಡು ದಿನ ಇಂಥವರಿಗೆ ಅತ್ಯಂತ ಅಪಾಯದ ಸಮಯ. "ಹೆರಿಗೆ ಆಗಲಿ, ಆಮೇಲೆ ತೋರಿಸೋಣ" ಎಂಬ ನನ್ನ ಮಾತು ಎಷ್ಟು ತಪ್ಪಾಗಿತ್ತು ಎಂದು ನನಗೆ ತಿಳಿದದ್ದು ಹೀಗೆ.

ಇವತ್ತು ಈ ಕವಾಟಕ್ಕೆ ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಹಿಗ್ಗಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ಜಪಾನಿನ ಡಾ. ಇನೋವೆ ರೂಪಿಸಿದ ಬಲೂನು ಅದು, 1984ರಲ್ಲೇ ಅವರ ವರದಿ ಪ್ರಕಟವಾಯಿತು. ಆ ಇಸವಿ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಯನ್ನು ಬಹಳ ದೊಡ್ಡ ಸಂಖ್ಯೆಯಲ್ಲಿ ಮಾಡಿ ಹೆಸರಾಗಿದೆ. ಮದುವೆಗೆ ಮೊದಲೇ, ಬಸುರಿಗೆ ಮೊದಲೇ ಮಾಡಿಸಿಕೊಂಡರೆ ಉತ್ತಮ. ಮಾತ್ರೆಗೆ ಬಗ್ಗದಿದ್ದರೆ ಬಸುರಿಯ ಹೊಟ್ಟೆಗೆ ಕ್ಷಕಿರಣ ತಾಗದಂತೆ ಮರೆಮಾಡಿ ಆಗಲೂ ಮಾಡುತ್ತಾರೆ. ಕವಾಟ ತೀರಾ ಕಿರಿದಾಗಿರುವವರಿಗೆ, ಅದನ್ನು ಸರಿಪಡಿಸುವ ತನಕ ಬಸಿರು ಬೇಡ ಎಂದೇ ವೈದ್ಯರು ಹೇಳುತ್ತಾರೆ. ಆ ಮಾತನ್ನು ಗಂಡನೂ ಕೂತು ಕೇಳಬೇಕು.

ಅಂದರೆ, ಬಂಧುಗಳೇ, ಚಿಕಿತ್ಸೆ ಇಲ್ಲದೆ ಹೋಗುವ ಕಾಲ ಇದಲ್ಲ. ಹೇಳದೆ ಹೋಗುವುದು, ತಡವಾಗಿ ಹೋಗುವುದು, ಇವೇ ಉಳಿದಿರುವುದು.

ದೂರದ ಸಮಸ್ಯೆ ನಮಗೆ ಇದ್ದೇ ಇದೆ. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 70 ಕಿಲೋಮೀಟರ್ ಮೀರುತ್ತದೆ. ತೀರ್ಥಹಳ್ಳಿಯವರು ಒಂದೋ ಶಿವಮೊಗ್ಗ, ಇಲ್ಲ ಆಗುಂಬೆ ಘಾಟಿ ಇಳಿದು ಮಣಿಪಾಲ. ಹೊಸನಗರ, ನಗರದ ಕಡೆಯವರಿಗೆ ಹುಲಿಕಲ್ ಘಾಟಿ. ಜುಲೈ ತಿಂಗಳಲ್ಲಿ ಈ ಘಾಟಿಗಳನ್ನು ರಾತ್ರಿ ಇಳಿದವರಿಗೆ ಗೊತ್ತು. ತುಮರಿ, ಬ್ಯಾಕೋಡು ಕಡೆಯವರ ಪಾಡು ಇನ್ನೂ ಬೇರೆ ಇತ್ತು, ಸಂಜೆ ಲಾಂಚ್ ನಿಂತರೆ ಬೆಳಗಿನ ತನಕ ಶರಾವತಿಯ ಆಚೆಯೇ. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದ, ಕೇಬಲ್ಲಿನಿಂದ ತೂಗುವಂಥದು. ಅದರ ಮೇಲೆ ನಿಂತು ಎಲ್ಲರೂ ಫೋಟೊ ತೆಗೆದುಕೊಂಡೆವು. ನನಗೆ ಆ ಸೇತುವೆ ಚಂದ ಕಾಣುವುದು ರಾತ್ರಿ ಹೊತ್ತು, ಅದರ ಮೇಲೆ 108 ಹೋಗುವಾಗ.

ರಸ್ತೆಗಿಂತ ಮೊದಲು ಓಡಬೇಕಾದ್ದು ಇಸಿಜಿಯ ಕಾಗದ. ಬಡಿತ ಓಡುತ್ತಿರುವಾಗಲೇ ತೆಗೆದ ಇಸಿಜಿಗೆ ಬೆಲೆ ಹೆಚ್ಚು. ನಿಂತ ಮೇಲೆ ತೆಗೆದರೆ ಎಷ್ಟೋ ಸಲ ಎಲ್ಲ ಸರಿಯಾಗಿಯೇ ಕಾಣುತ್ತದೆ, ಕಳ್ಳ ಹೋದ ಮೇಲೆ ಮನೆ ನೋಡಿದ ಹಾಗೆ. ಈ ಯಂತ್ರವನ್ನು ಬಳಕೆಗೆ ತಂದ ಹಾಲೆಂಡಿನ ಐಂತೋವನ್, 1905ರಲ್ಲೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಅಲೆಯನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಆ ಯಂತ್ರ ಇಡೀ ಕೋಣೆ ತುಂಬುವಷ್ಟಿತ್ತು. ಈಗ ಅಂಗೈ ಅಗಲದ ಯಂತ್ರ, ಕಿಸೆಯಲ್ಲಿ ಫೋನ್. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದಾರೆ. ಸರ್ಕಾರವೂ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸುವ ವ್ಯವಸ್ಥೆ ಮಾಡಿದೆ. ಅದು ಹೃದಯಾಘಾತಕ್ಕೆಂದು ಮಾಡಿದ್ದು, ಆದರೆ ತಾಲ್ಲೂಕಿನಲ್ಲಿ ಯಂತ್ರ ಇದೆ, ತೆಗೆಯುವ ಕೈ ಇದೆ. ಬಸುರಿ ಎದೆ ಹಿಡಿದುಕೊಂಡು ಬಂದರೆ "ಹೆರಿಗೆ ವಾರ್ಡಿಗೆ ಹೋಗಿ" ಎಂದು ಕಳಿಸುವ ಮೊದಲು ಒಂದು ಇಸಿಜಿ ತೆಗೆಯಿರಿ ಎಂದು ನಾವು ಕೇಳಿಕೊಳ್ಳಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದಿತ್ತು, ಎದೆಯಲ್ಲಿ ಶಬ್ದ ಇದೆ ಎಂದಿದ್ದರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರೋ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು ಎಂಬುದಿದ್ದರೆ ಅವತ್ತೇ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸಿ. ಅಂಥ ಹೆರಿಗೆಯನ್ನು ಹೃದ್ರೋಗ ತಜ್ಞರಿರುವ ಕಡೆಯೇ ಮಾಡಿಸಬೇಕು, ದಿನ ತುಂಬುವ ಮೊದಲೇ ಹೋಗಿ ಉಳಿಯಬೇಕು.

2022ರ ಮಳೆಗಾಲದಲ್ಲಿ ನನ್ನ ಸೋದರಳಿಯ, ಅಂದರೆ ಆ ತಂಗಿಯ ಮಗ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಮಾವ, ಇವಳಿಗೆ ಎದೆ ಓಡ್ತಿದೆ, ಎಣಿಸಿದೆ, ಅರ್ಧ ನಿಮಿಷಕ್ಕೆ 95 ಬಂತು." ಆಗ ಅವಳಿಗೆ ಏಳು ತಿಂಗಳು. ಎಡಮಗ್ಗುಲಿಗೆ ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆತಂದ. ಓಡುತ್ತಿರುವಾಗಲೇ ಇಸಿಜಿ ಆಯಿತು, ಫೋನಿನಲ್ಲಿ ತಜ್ಞರಿಗೆ ಹೋಯಿತು. ಸಿರಿಂಜು ಊದಿಸಿದರು, ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟರು. ಪರದೆಯ ಮೇಲೆ ಗೆರೆ ಒಂದು ಕ್ಷಣ ನೇರವಾಗಿ ಹರಿದು, ಆಮೇಲೆ ನಿಧಾನವಾಗಿ ಒಂದೊಂದೇ ಬಡಿತ ಬಂತು. ನಲವತ್ತು ವರ್ಷ ಮೀಟರು ನೋಡಿದವನು ನಾನು, ಅಂಥ ಗೆರೆ ನೋಡಿರಲಿಲ್ಲ. ಎಕೋ ಮಾಡಿಸಿದರು, ಕವಾಟ ಚೆನ್ನಾಗಿತ್ತು. ಮಾತ್ರೆಯ ಮೇಲೆ ದಿನ ತುಂಬಿಸಿ ಸಹಜವಾಗಿಯೇ ಹೆತ್ತಳು. ಆ ಹುಡುಗಿಗೆ ಈಗ ಮೂರು ವರ್ಷ.

ಬಾಣಂತಿ ಕೋಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಸವಾದಿ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿದರು. ವೇದಿಕೆಯ ಮೇಲೆ ಇದನ್ನು ಹೇಳುವುದು ಸುಲಭ. ನಮ್ಮ ಮನೆಯ ಬಾಣಂತಿ ಮಾತ್ರ ಮೂಲೆಯ ಕತ್ತಲ ಕೋಣೆಯಲ್ಲಿ. ಗಂಡಸರು ಅತ್ತ ಹೋಗುವ ಹಾಗಿಲ್ಲ, ಯಾರು ಮುಟ್ಟಬೇಕು ಬಿಡಬೇಕು ಎಂಬ ಲೆಕ್ಕ ಬೇರೆ. ಎರಡನೇ ರಾತ್ರಿ ಅವಳಿಗೆ ಉಸಿರು ಕಟ್ಟಿದರೆ ಜತೆಗೆ ಮಲಗಿದ ಅಜ್ಜಿಗೆ ಕಿವಿ ಕೇಳಬೇಕಲ್ಲ? ನನ್ನ ತಂಗಿ ಎಷ್ಟು ಹೊತ್ತಿನಿಂದ ಒದ್ದಾಡುತ್ತಿದ್ದಳು ಎಂಬುದು ಯಾರಿಗೂ ಗೊತ್ತಿಲ್ಲ. ಆ ಕೋಣೆಗೆ ದೀಪ ಇರಲಿ, ಬಾಗಿಲು ತೆರೆದಿರಲಿ, ಗಂಡ ಹೋಗಿ ಬರಲಿ. ಸೂತಕ ಇಲ್ಲ ಎಂದ ಮೇಲೆ ಇಲ್ಲ.

ಪೂಜ್ಯರಲ್ಲಿ ಎರಡು ಅರಿಕೆ ಇದೆ. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಿದ್ದಾರೆ, ಕೀಲುಜ್ವರ ಬರುವ ವಯಸ್ಸೇ ಅದು. ಗಂಟಲು ನೋವು, ಆಮೇಲೆ ಕೀಲು ಊತ ಕಂಡ ಮಗುವನ್ನು ಡಾಕ್ಟರಿಗೆ ತೋರಿಸಲಿ. ಪೆನಿಸಿಲಿನ್ ಸೂಜಿ ಬರೆದುಕೊಟ್ಟ ಮಕ್ಕಳ ಪಟ್ಟಿಯೊಂದು ವಾರ್ಡನ್ ಬಳಿ ಇರಲಿ, ಮೂರು ವಾರದ ತಾರೀಕು ತಪ್ಪದಿರಲಿ. ಆ ಸೂಜಿಯನ್ನು ಮುಂದೆ ಬಸಿರಿನಲ್ಲೂ ಮುಂದುವರಿಸಬಹುದು. ಇನ್ನೊಂದು, ಮಠದಲ್ಲಿ ನಡೆಯುವ ಸಾಮೂಹಿಕ ವಿವಾಹಗಳಿಗೆ ಹೆಸರು ಬರೆಸಲು ಬಂದವರನ್ನು, ಹುಡುಗ ಹುಡುಗಿ ಇಬ್ಬರನ್ನೂ, ಒಬ್ಬ ಡಾಕ್ಟರು ಎದೆಗೆ ಕೊಳವೆ ಇಟ್ಟು ಪರೀಕ್ಷಿಸುವ ಏರ್ಪಾಡು ಆಗಲಿ. ಹುಡುಗಿಗೆ ಕಾಯಿಲೆ ಇದೆ ಎಂದು ಸಂಬಂಧ ಮುರಿದುಕೊಂಡು ಹೋಗುವವರು ಇರುತ್ತಾರೆ. ಹೋಗಲಿ. ಇದ್ದದ್ದನ್ನು ತಿಳಿದು ಕೈ ಹಿಡಿಯುವವನ ಮನೆಗೆ ಅವಳು ಹೋಗಲಿ. ನನ್ನ ತಂಗಿಯ ಅತ್ತೆಯಂಥವರು ಈಗಲೂ ಇದ್ದಾರೆ, ನಾವು ಅವರನ್ನು ನಂಬುವುದಿಲ್ಲ ಅಷ್ಟೇ.

ಸಮಯ ಆಯಿತು ಎಂದು ಚೀಟಿ ಬಂದಿದೆ. ದಾಸೋಹಕ್ಕೆ ಮುಂಚೆ ಹತ್ತು ನಿಮಿಷ ಇದೆ. ನಮ್ಮ ಊರಿನ ಆಶಾ ಕಾರ್ಯಕರ್ತೆಯೊಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ನಾಡಿ ಎಣಿಸುವುದನ್ನು ತೋರಿಸುತ್ತಾರೆ. ಹೆಬ್ಬೆರಳಿನ ಬುಡದ ಕೆಳಗೆ, ಮುಂಗೈ ಮೇಲೆ ಎರಡು ಬೆರಳು ಇಡಬೇಕು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು, ತಾಳ ಒಂದೇ ಸಮ ಇದೆಯೇ ನೋಡಬೇಕು. ಸುಮ್ಮನೆ ಕೂತಿದ್ದಾಗಲೂ 120 ಮೀರಿದರೆ ಕಾಯಬೇಡಿ. ಸೆಕೆಂಡಿನ ಮುಳ್ಳಿರುವ ಗಡಿಯಾರ ಕಟ್ಟಿದವರು ಮುಂದೆ ಬನ್ನಿ. ಗಂಡಸರು ಮೊದಲು ಬನ್ನಿ, ರಾತ್ರಿ ಹತ್ತು ಗಂಟೆಗೆ ಎಣಿಸಬೇಕಾದವರು ನೀವು.